ವೋಲ್ಟೇಜ್ ಇಳಿಸಿ, ಕಂಪ್ಯೂಟರ್ ತಂಪಾಗಿಡಿ

ಏಪ್ರಿಲ್ ಮಧ್ಯಾಹ್ನ, ಕವಲಂದೆ ಎಂಬ ಊರು. ಶೀಟಿನ ಸೂರಿನಡಿ ಫ್ಯಾನಿಲ್ಲದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬಿಡುವಿಲ್ಲದೆ ದುಡಿದರೆ ಕಾದೇ ಕಾಯುತ್ತದೆ. 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಫ್ಯಾನ್ ಹಾಕಬಹುದು, ಆದರೆ ಅದು ಧೂಳನ್ನೂ ಎಳೆಯುತ್ತದೆ. ಮೊದಲು ಪ್ರೊಸೆಸರ್‌ನ ವೋಲ್ಟೇಜ್ ಇಳಿಸಿ ನೋಡಿ. ಅಡಾಪ್ಟರಿನ ವೋಲ್ಟೇಜ್ ಅಲ್ಲ, ಅದನ್ನು ಮುಟ್ಟಲೇಬೇಡಿ! ಚಿಪ್ಪಿನೊಳಗಿನದು ಮಾತ್ರ.

ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜ್ ಶೇಕಡಾ 10 ತಗ್ಗಿದರೆ, ಆ ಬಳಕೆ ಶೇಕಡಾ 19 ತಗ್ಗುತ್ತದೆ. ವೇಗ ಮಾತ್ರ ಮೊದಲಿನಷ್ಟೇ! ಇದಕ್ಕಿಂತ ಅಗ್ಗದ ತಂಪು ಇನ್ನೊಂದಿಲ್ಲ.

ಕಾನ್ಫಿಗ್ ಫೈಲಿನಲ್ಲಿ 'ಓವರ್ ವೋಲ್ಟೇಜ್' ಮೈನಸ್ 1 ಮಾಡಿ. ಒಂದು ಮೆಟ್ಟಿಲಿಗೆ 0.025 ವೋಲ್ಟ್. ರೀಬೂಟ್ ಮಾಡಿ, ಗಂಟೆಗಟ್ಟಲೆ ಭಾರದ ಕೆಲಸ ಕೊಡಿ. ತಡೆದುಕೊಂಡರೆ ಮೈನಸ್ 2. ಹ್ಯಾಂಗ್ ಆಯಿತೇ? ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಪ್ರತಿ ಚಿಪ್ಪಿನ ಮಿತಿಯೂ ಬೇರೆ, ಪಕ್ಕದವರ ಅಂಕಿ ನಕಲು ಮಾಡಬೇಡಿ.



ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಮಾತು: 2019ರ ಪ್ಲಂಡರ್‌ವೋಲ್ಟ್ ಭದ್ರತಾ ದೋಷದ ನಂತರ ಹಲವು ಇಂಟೆಲ್ ಯಂತ್ರಗಳಲ್ಲಿ ವೋಲ್ಟೇಜ್ ಇಳಿಸುವ ದಾರಿ ಮುಚ್ಚಿದೆ.

ಶುರು ಮಾಡುವ ಮುನ್ನ ಮೆಮೊರಿ ಕಾರ್ಡಿನ ಬ್ಯಾಕಪ್ ತೆಗೆದಿಡಿ.