ಸ್ಟೆತಾಸ್ಕೋಪ್ ಕೆಳಗಿಟ್ಟ ಕಥೆಗಾರ

ವೈದ್ಯಕೀಯ ಪದವಿ ಕೈಗೆ ಬಂದ ಮೇಲೆ ತರುಣನೊಬ್ಬ 'ನಾನು ಡಾಕ್ಟರಾಗುವುದಿಲ್ಲ, ಕಥೆ ಬರೆಯುತ್ತೇನೆ' ಎಂದರೆ ನಮ್ಮ ಮನೆಗಳಲ್ಲಿ ಏನಾದೀತು? ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಹಿರಿಯರು ತಲೆಯ ಮೇಲೆ ಕೈಹೊತ್ತು ಕೂತಾರು. ಅಮೆರಿಕದ ಮೈಕೆಲ್ ಕ್ರೈಟನ್ ಮಾಡಿದ್ದು ಇದನ್ನೇ. 1969ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಎಂ.ಡಿ. ಪಡೆದ ಈತ (ಅಲ್ಲಿ ಅದು ನಮ್ಮ ಎಂ.ಬಿ.ಬಿ.ಎಸ್.ನಂತೆ ಮೊದಲ ವೈದ್ಯಕೀಯ ಪದವಿ) ವೈದ್ಯವೃತ್ತಿಯ ಪರವಾನಗಿಯನ್ನೇ ಪಡೆಯಲಿಲ್ಲ. ಆದರೆ ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. 'ಜುರಾಸಿಕ್ ಪಾರ್ಕ್' ಕಾದಂಬರಿಯಿಂದ ಹಿಡಿದು 'ಇ.ಆರ್.' ಧಾರಾವಾಹಿಯವರೆಗೆ ಆತ ಬರೆದುದರ ಬೇರು ಆ ಓದಿನಲ್ಲೇ ಇದೆ.

ಆರ್ವೆಲ್‌ಗೆ ಬಿ ಮೈನಸ್!

ಕ್ರೈಟನ್ ಹುಟ್ಟಿದ್ದು 1942ರ ಅಕ್ಟೋಬರ್ 23ರಂದು, ಷಿಕಾಗೋದಲ್ಲಿ. ಬೆಳೆದದ್ದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ. ತಂದೆ ಪತ್ರಕರ್ತರು. ಅರಿಜೋನಾದ ಜ್ವಾಲಾಮುಖಿ ಬೆಟ್ಟವೊಂದನ್ನು ನೋಡಿಬಂದು ಬರೆದ ಪ್ರವಾಸ ಲೇಖನ, ಹುಡುಗ ಶಾಲೆಯಲ್ಲಿದ್ದಾಗಲೇ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು.

ಸಾಹಿತಿಯಾಗುವ ಆಸೆಯಿಂದ ಹಾರ್ವರ್ಡ್ ಸೇರಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡ. ಅಲ್ಲಿ ಅವನ ಬರವಣಿಗೆಗೆ ಸಿಕ್ಕಿದ್ದು ಕಳಪೆ ದರ್ಜೆ. ತಪ್ಪು ತನ್ನದೋ ಮೌಲ್ಯಮಾಪಕರದೋ ಎಂದು ತಿಳಿಯಲು ಜಾರ್ಜ್ ಆರ್ವೆಲ್‌ನ ಪ್ರಬಂಧವೊಂದನ್ನು ತನ್ನ ಹೆಸರಿನಲ್ಲಿ ಒಪ್ಪಿಸಿದ. ಅದಕ್ಕೆ ಬಂದದ್ದು ಬಿ ಮೈನಸ್! ಈ ಪ್ರಸಂಗವನ್ನು ಆತನೇ ಮುಂದೆ ಬರೆದುಕೊಂಡಿದ್ದಾನೆ. ವಿದ್ಯಾರ್ಥಿಗಳು ಅನುಕರಿಸಬೇಕಾದ ಕೆಲಸ ಇದಲ್ಲ. ಸಿಕ್ಕಿಬಿದ್ದಿದ್ದರೆ ಕಾಲೇಜಿನಿಂದಲೇ ಹೊರಬೀಳಬೇಕಿತ್ತು. ಅವನಂತೂ ಸಾಹಿತ್ಯ ವಿಭಾಗ ಬಿಟ್ಟು ಮಾನವಶಾಸ್ತ್ರಕ್ಕೆ ಬಂದು, 1964ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದ. ಆಮೇಲೆ ವೈದ್ಯಕೀಯಕ್ಕೆ ಸೇರಿದ.

ಶುಲ್ಕಕ್ಕಾಗಿ ಕಾದಂಬರಿ

ವೈದ್ಯಕೀಯ ಓದಿನ ಖರ್ಚಿಗಾಗಿ ಕ್ರೈಟನ್ ಪತ್ತೇದಾರಿ ಕಾದಂಬರಿಗಳನ್ನು ಬರೆದ. ಮೊದಲನೆಯದು 1966ರಲ್ಲಿ ಬಂತು. ಸಹಪಾಠಿಗಳಿಗೂ ಅಧ್ಯಾಪಕರಿಗೂ ತಿಳಿಯದಂತೆ ಬಳಸಿದ ಗುಪ್ತನಾಮಗಳಲ್ಲೂ ತಮಾಷೆ ಇತ್ತು. ಈತ ಆರು ಅಡಿ ಒಂಬತ್ತು ಅಂಗುಲದ ಆಸಾಮಿ. ಒಂದು ಹೆಸರು 'ಲ್ಯಾಂಗ್'. ಜರ್ಮನ್ ಭಾಷೆಯಲ್ಲಿ ಉದ್ದ ಎಂದರ್ಥ. ಇನ್ನೊಂದು 'ಜೆಫ್ರಿ ಹಡ್ಸನ್'; ಅದು ಹದಿನೇಳನೇ ಶತಮಾನದ ಇಂಗ್ಲೆಂಡಿನ ಅರಮನೆಯಲ್ಲಿದ್ದ ಕುಳ್ಳನೊಬ್ಬನ ಹೆಸರು! ಹಡ್ಸನ್ ಹೆಸರಿನಲ್ಲಿ ಬಂದ ಆಸ್ಪತ್ರೆಯ ಕಥೆ 'ಎ ಕೇಸ್ ಆಫ್ ನೀಡ್'ಗೆ 1969ರಲ್ಲಿ ಎಡ್ಗರ್ ಪ್ರಶಸ್ತಿ ಬಂದಾಗ ಗುಟ್ಟು ಉಳಿಯುವುದು ಕಷ್ಟವಾಯಿತು.

ಅದೇ ವರ್ಷ ಸ್ವಂತ ಹೆಸರಿನಲ್ಲಿ ಬಂದ 'ದಿ ಆಂಡ್ರೊಮೆಡಾ ಸ್ಟ್ರೇನ್' ಅವನ ದಾರಿಯನ್ನೇ ಬದಲಿಸಿತು. ಬಾಹ್ಯಾಕಾಶದಿಂದ ಉಪಗ್ರಹದೊಂದಿಗೆ ಬಂದಿಳಿದ ಸೂಕ್ಷ್ಮಜೀವಿಯೊಂದು ಅರಿಜೋನಾದ ಪುಟ್ಟ ಊರನ್ನೇ ಕೊಲ್ಲುತ್ತದೆ. ಉಳಿದವರು ಇಬ್ಬರೇ: ಹೊಟ್ಟೆಹುಣ್ಣಿನ ಮುದುಕ ಮತ್ತು ಅಳು ನಿಲ್ಲಿಸದ ಹಸುಗೂಸು. ಇವರಿಬ್ಬರೇ ಏಕೆ ಉಳಿದರು? ಉತ್ತರ ರಕ್ತದ ಪಿ.ಎಚ್.ನಲ್ಲಿದೆ. ಆರೋಗ್ಯವಂತರಲ್ಲಿ ಅದು 7.35ರಿಂದ 7.45ರೊಳಗೆ ಇರುತ್ತದೆ. ಆಸ್ಪಿರಿನ್ ನುಂಗಿ ನುಂಗಿ ಮುದುಕನ ರಕ್ತ ಆಮ್ಲದ ಕಡೆಗೆ ವಾಲಿತ್ತು. ಅತ್ತು ಅತ್ತು ಬೇಗಬೇಗ ಉಸಿರುಬಿಟ್ಟ ಮಗು ಇಂಗಾಲದ ಡೈ ಆಕ್ಸೈಡನ್ನು ಅತಿಯಾಗಿ ಹೊರಹಾಕಿದ್ದರಿಂದ ಅದರ ರಕ್ತ ಕ್ಷಾರದ ಕಡೆಗೆ ವಾಲಿತ್ತು. ಎರಡರಲ್ಲೂ ಆ ಜೀವಿ ಬೆಳೆಯಲಾರದು. ನಮ್ಮ ಮಕ್ಕಳು ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡುವ ಆಮ್ಲ-ಕ್ಷಾರದ ಪಾಠವೇ ಇಲ್ಲಿ ರೋಮಾಂಚಕ ಕಥೆಯ ಕೀಲಿಕೈಯಾಗಿದೆ. 1971ರಲ್ಲಿ ರಾಬರ್ಟ್ ವೈಸ್ ಇದನ್ನು ಚಲನಚಿತ್ರ ಮಾಡಿದರು.

ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷ

ಸಿನಿಮಾ ಕ್ಷೇತ್ರಕ್ಕಿಳಿದ ಕ್ರೈಟನ್ 1973ರಲ್ಲಿ 'ವೆಸ್ಟ್‌ವರ್ಲ್ಡ್' ಚಿತ್ರವನ್ನು ತಾನೇ ಬರೆದು ನಿರ್ದೇಶಿಸಿದ. ಮನರಂಜನಾ ತಾಣದ ಯಂತ್ರಮಾನವರು ಪ್ರವಾಸಿಗರ ಮೇಲೆಯೇ ತಿರುಗಿಬೀಳುವ ಕಥೆ ಅದು. ಯಂತ್ರದ ಕಣ್ಣಿಗೆ ಜಗತ್ತು ಚೌಕಚೌಕವಾಗಿ ಕಾಣುವಂತೆ ತೋರಿಸಲು ಚಿತ್ರವನ್ನು ಕಂಪ್ಯೂಟರಿನಿಂದ ಸಂಸ್ಕರಿಸಿದರು. ಪೂರ್ಣಪ್ರಮಾಣದ ಚಲನಚಿತ್ರದಲ್ಲಿ ಈ ತಂತ್ರವನ್ನು ಬಳಸಿದ್ದು ಅದೇ ಮೊದಲು.

1974ರಲ್ಲಿ, ವಿದ್ಯಾರ್ಥಿಯಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಂಡದ್ದನ್ನೆಲ್ಲ ಒಂದು ಚಿತ್ರಕಥೆಯಾಗಿ ಬರೆದ. ಅದನ್ನು ತೆರೆಗೆ ತರುವವರು ಸಿಗಲಿಲ್ಲ. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಉಳಿದ ಆ ಬರಹ 1994ರಲ್ಲಿ 'ಇ.ಆರ್.' ಧಾರಾವಾಹಿಯ ಮೊದಲ ಕಂತಾಯಿತು. 2009ರವರೆಗೆ ನಡೆದ ಆ ಧಾರಾವಾಹಿ 331 ಕಂತುಗಳನ್ನು ಕಂಡಿತು.

ಡೈನೋಸಾರ್ ಎದ್ದು ಬಂದೀತೇ?

1990ರ 'ಜುರಾಸಿಕ್ ಪಾರ್ಕ್' ಕೂಡ ಒಂದೇ ಏಟಿಗೆ ಹುಟ್ಟಿದ್ದಲ್ಲ. ಮೊದಲು ಮಗುವಿನ ದೃಷ್ಟಿಯಿಂದ ಹೇಳಿದ್ದ ಕಥೆ ಓದಿದವರಿಗೆ ಹಿಡಿಸಲಿಲ್ಲ. ಅದನ್ನು ದೊಡ್ಡವರ ದೃಷ್ಟಿಯಿಂದ ಮತ್ತೆ ಬರೆದ. ಡೇವಿಡ್ ಕೆಪ್ ಜೊತೆ ಸೇರಿ ಚಿತ್ರಕಥೆ ರೂಪಿಸಿದ. ಸ್ಪೀಲ್‌ಬರ್ಗ್ ನಿರ್ದೇಶಿಸಿದ ಚಿತ್ರ 1993ರಲ್ಲಿ ತೆರೆಕಂಡಿತು. ಮರುವರ್ಷ ಭಾರತಕ್ಕೂ ಬಂತು.

ಕಲ್ಲಾಗಿ ಹೋದ ಮರದ ಅಂಟಿನಲ್ಲಿ ಸಿಕ್ಕಿಕೊಂಡ ಸೊಳ್ಳೆ, ಅದರ ಹೊಟ್ಟೆಯಲ್ಲಿ ಡೈನೋಸಾರ್ ರಕ್ತ, ಆ ರಕ್ತದಲ್ಲಿ ಡಿ.ಎನ್.ಎ. ನಂಬಬೇಕೆನಿಸುವ ಕಲ್ಪನೆ. ಆದರೆ ಲೆಕ್ಕ ಒಪ್ಪುವುದಿಲ್ಲ. ನ್ಯೂಜಿಲೆಂಡಿನ ಅಳಿದುಹೋದ ಮೋವಾ ಹಕ್ಕಿಯ ಎಲುಬುಗಳ 2012ರ ಅಧ್ಯಯನದಲ್ಲಿ ಡಿ.ಎನ್.ಎ.ಯ ಅರ್ಧಾಯು ಸುಮಾರು 521 ವರ್ಷ ಎಂದು ಕಂಡುಬಂತು. ತಣ್ಣನೆಯ ನೆಲದಲ್ಲಿ ಅದು ಇನ್ನೂ ಹೆಚ್ಚು ಕಾಲ ಬಾಳುತ್ತದೆ, ನಿಜ. 2022ರಲ್ಲಿ ಗ್ರೀನ್‌ಲ್ಯಾಂಡಿನಿಂದ ಸುಮಾರು 20 ಲಕ್ಷ ವರ್ಷ ಹಳೆಯ ಡಿ.ಎನ್.ಎ. ತುಣುಕುಗಳು ದೊರೆತವು. ಆದರೆ ಡೈನೋಸಾರ್‌ಗಳು ಅಳಿದು 6 ಕೋಟಿ 60 ಲಕ್ಷ ವರ್ಷಗಳಾಗಿವೆ! ಇನ್ನೊಂದು ಮಾತು: ಚಿತ್ರದ ನಾಯಕನಂತಿರುವ ಟೈರನೋಸಾರಸ್ ಜುರಾಸಿಕ್ ಯುಗದ್ದೇ ಅಲ್ಲ, ಅದರ ನಂತರದ ಕ್ರಿಟೇಶಿಯಸ್ ಯುಗದ್ದು.

ಕಥೆಗೆ ಇದು ದೋಷವಲ್ಲ. 'ಹೀಗಾದರೆ ಏನು?' ಎಂದು ಕೇಳುವುದು ಕಾದಂಬರಿಕಾರನ ಹಕ್ಕು. 'ಹೀಗಾಗುತ್ತದೆಯೇ?' ಎಂದು ಪರೀಕ್ಷಿಸುವುದು ವಿಜ್ಞಾನದ ಕೆಲಸ. ಈ ಗೆರೆ ಮಸುಕಾದರೆ ಏನಾಗುತ್ತದೆ ಎಂಬುದಕ್ಕೂ ಕ್ರೈಟನ್ನನೇ ಉದಾಹರಣೆ. 2004ರ 'ಸ್ಟೇಟ್ ಆಫ್ ಫಿಯರ್' ಕಾದಂಬರಿಯಲ್ಲಿ ನಕ್ಷೆ, ಅಡಿಟಿಪ್ಪಣಿಗಳನ್ನೆಲ್ಲ ಜೋಡಿಸಿ, ಭೂಮಿ ಬಿಸಿಯಾಗುತ್ತಿರುವ ಬಗೆಗಿನ ಆತಂಕ ಅತಿಯಾದದ್ದೆಂದು ವಾದಿಸಿದ. ದತ್ತಾಂಶಗಳನ್ನು ತಪ್ಪಾಗಿ ಬಳಸಲಾಗಿದೆ ಎಂದು ಹವಾಮಾನ ವಿಜ್ಞಾನಿಗಳು ಆಕ್ಷೇಪಿಸಿದರು. ಆದರೂ 2005ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಈ ಕಾದಂಬರಿಕಾರನನ್ನು ಕರೆಸಿ ಹೇಳಿಕೆ ಪಡೆಯಿತು. ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣ ಎಂಬುದರಲ್ಲಿ ಸಂಶಯವಿಲ್ಲವೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2021ರಲ್ಲಿ ಹೇಳಿತು. ಸೊಗಸಾಗಿ ಬರೆದದ್ದೆಲ್ಲ ಸಾಕ್ಷ್ಯವಾಗುವುದಿಲ್ಲ.

2008ರ ನವೆಂಬರ್ 4ರಂದು, 66ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ಕ್ರೈಟನ್ ತೀರಿಕೊಂಡ. ಚೀನಾದಲ್ಲಿ ದೊರೆತ ಕವಚಧಾರಿ ಡೈನೋಸಾರ್ ಒಂದಕ್ಕೆ 2002ರಲ್ಲೇ ಅವನ ಹೆಸರನ್ನಿಟ್ಟಿದ್ದರು.

ಡಾಕ್ಟರಿಕೆ ಬಿಟ್ಟರೆ ಎಲ್ಲರೂ ಕ್ರೈಟನ್ ಆಗುತ್ತಾರೆಂದು ಇದರ ಅರ್ಥವಲ್ಲ. ಬಿಡುವ ಮೊದಲು ಆತ ಪದವಿಯನ್ನು ಪೂರ್ತಿ ಮಾಡಿದ್ದ, ತನ್ನ ಓದಿನ ಖರ್ಚನ್ನು ತಾನೇ ಬರೆದು ಸಂಪಾದಿಸಿದ್ದ ಎಂಬುದನ್ನು ಮಕ್ಕಳು ಮರೆಯಬಾರದು. ವಿಜ್ಞಾನ ಓದುವ ಮಗ ಅಥವಾ ಮಗಳ ಕೈಯಲ್ಲಿ ಕಾದಂಬರಿ ಕಂಡಾಗ ತಂದೆತಾಯಿಗಳೂ ಅದನ್ನು ಕಿತ್ತಿಡುವುದು ಬೇಡ. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರೆ ಸಾಕು: 'ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು?' ಉತ್ತರ ಹುಡುಕಲು ಮಗು ತಾನಾಗಿಯೇ ಪಠ್ಯಪುಸ್ತಕದ ಕಡೆಗೆ ತಿರುಗೀತು.