ಮಕ್ಕಳಿಗೆ ಬವಳಿ ಬಂದಾಗ

ಶಾಲೆಯ ಪ್ರಾರ್ಥನೆಯಲ್ಲಿ, ಧ್ವಜವಂದನೆಯಲ್ಲಿ, ಜಾತ್ರೆಯ ನೂಕುನುಗ್ಗಲಿನಲ್ಲಿ ಬಹಳ ಹೊತ್ತು ನಿಂತ ಮಕ್ಕಳು ಬವಳಿ ಬಂದು ಬೀಳುವುದನ್ನು ವಿಜಯಪುರ, ತಿಕೋಟಾ, ಬಬಲೇಶ್ವರದ ಸದ್ಭಕ್ತರು ಕಂಡಿರುತ್ತೀರಿ. ನಿಂತೇ ಇದ್ದಾಗ ರಕ್ತವು ಕಾಲುಗಳಲ್ಲಿ ತಂಗುತ್ತದೆ. ರಕ್ತದೊತ್ತಡ ಕುಸಿದು ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲದಾಗುತ್ತದೆ. ಬರಿಹೊಟ್ಟೆ, ನೀರಡಿಕೆ, 40 ಡಿಗ್ರಿ ದಾಟುವ ನಮ್ಮ ಸೀಮೆಯ ಬೇಸಿಗೆ ಇದಕ್ಕೆ ಇಂಬು ಕೊಡುತ್ತವೆ. ಹದಿಹರೆಯದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವುದು ವ್ಯರ್ಥವೆಂದೇ ನಾವು ಹೇಳುತ್ತೇವೆ.

ಬಿದ್ದ ಮಗುವನ್ನು ಒಡನೆಯೇ ಎತ್ತಿ ನಿಲ್ಲಿಸಬಾರದು. ಮಲಗಿದಾಗಲೇ ರಕ್ತವು ಮಿದುಳಿಗೆ ಮರಳುವುದು. ಅಂಗಾತ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿಯಿರಿ. ಎಚ್ಚರವಾಗುವ ಮುನ್ನ ಬಾಯಿಗೆ ನೀರು ಬೇಡ. ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕೀಲಿಕೈ ಕೊಡುವುದು ನಿಷ್ಪ್ರಯೋಜಕ. ಕಣ್ಣು ಕತ್ತಲೆಗಟ್ಟಿ ಬೆವರೊಡೆದರೆ ತಾನೇ ಕುಳಿತುಬಿಡಬೇಕೆಂದು ಮಗುವಿಗೆ ಕಲಿಸಿರಿ. ಒಬ್ಬ ವಿದ್ಯಾರ್ಥಿ ಕುಳಿತ ಮಾತ್ರಕ್ಕೆ ಪ್ರಾರ್ಥನೆಯ ಶಿಸ್ತು ಕೆಡದು, ಗುರುಗಳು ಗಮನಿಸಬೇಕು.

ಆದರೆ ಓಡುತ್ತಿರುವಾಗ, ಕಬಡ್ಡಿ ಆಡುತ್ತಿರುವಾಗಲೇ ಕುಸಿದರೆ, ಎದೆನೋವಿದ್ದರೆ, ಮನೆತನದಲ್ಲಿ ಎಳೆವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರಿದ್ದರೆ ಅದು ಹೃದಯದ ದೋಷವಿರಬಹುದು. ಅಂದೇ ವೈದ್ಯರಿಗೆ ತೋರಿಸಿ ಇ.ಸಿ.ಜಿ. ಮಾಡಿಸಬೇಕು. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.