ಮಜ್ದಾ ಕಾರಿಗೆ ಶೆವ್ರೊಲೆ ಎಂಜಿನ್

1.3 ಲೀಟರ್ ಎಂಜಿನ್ ಇಳಿಸಿ ಆ ಜಾಗದಲ್ಲಿ 5.7 ಲೀಟರಿನ ವಿ8 ಎಂಜಿನ್ ಕೂರಿಸುತ್ತಾರೆ ಎಂದರೆ ಯಾರಿಗಾದರೂ ಮೊದಲು ಬರುವ ಅನುಮಾನ, ಬಾನೆಟ್ ಮುಚ್ಚುತ್ತದೆಯೇ ಎಂಬುದು. ಮುಚ್ಚುತ್ತದೆ. ಕಾರಿನ ಮೂತಿಯೂ ನೆಲಕ್ಕೆ ಕುಸಿಯುವುದಿಲ್ಲ. ಈ ಕೆಲಸದಲ್ಲಿ ಜನ ಹೆದರುವ ಭಾಗಗಳೆಲ್ಲ ಸಲೀಸಾಗಿ ಆಗುತ್ತವೆ. ಯಾರೂ ಲೆಕ್ಕಕ್ಕೇ ಹಿಡಿಯದ ನಾಲ್ಕು ಪೈಪು, ಎರಡು ವೈರು, ಒಂದು ಬ್ರಾಕೆಟ್ಟು ತಿಂಗಳುಗಟ್ಟಲೆ ಕಾರನ್ನು ಗ್ಯಾರೇಜಿನಲ್ಲೇ ನಿಲ್ಲಿಸಿಬಿಡುತ್ತವೆ.

ಕಾರು ಮಜ್ದಾ ಕಂಪನಿಯ ಮೂರನೇ ತಲೆಮಾರಿನ ಆರ್‌ಎಕ್ಸ್-7. ಅಭಿಮಾನಿಗಳ ಬಾಯಲ್ಲಿ ಬರೀ ‘ಎಫ್‌ಡಿ’. ಜಪಾನಿನಲ್ಲಿ 1991ರ ಕೊನೆಗೆ ಬಂದು 2002ರವರೆಗೆ ತಯಾರಾಯಿತು. ಅಮೆರಿಕದಲ್ಲಿ ಮಾರಾಟವಾದದ್ದು 1993ರಿಂದ 1995ರ ಮಾಡೆಲ್‌ಗಳು ಮಾತ್ರ. ಅಲ್ಲಿನ ಗ್ಯಾರೇಜುಗಳಲ್ಲಿ ಇದಕ್ಕೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಸರಣಿಯ ಎಂಜಿನ್ ಹಾಕುವುದು ಎಷ್ಟು ರೂಢಿಯಾಗಿದೆಯೆಂದರೆ, ಎಂಜಿನ್ ಫೌಂಡೇಶನ್‌ನಿಂದ ಹಿಡಿದು ಎಗ್ಸಾಸ್ಟ್ ಪೈಪಿನವರೆಗೆ ಎಲ್ಲವೂ ಕಿಟ್ ರೂಪದಲ್ಲೇ ಸಿಗುತ್ತದೆ.

ಅಷ್ಟು ಚೆಂದದ ಕಾರಿನ ಎಂಜಿನ್ ಏಕೆ ಕೀಳಬೇಕು? ಎಫ್‌ಡಿಯಲ್ಲಿರುವುದು ಪಿಸ್ಟನ್ ಎಂಜಿನ್ ಅಲ್ಲ, ರೋಟರಿ. 654 ಸಿಸಿಯ ಎರಡು ಕೋಣೆ, ಒಟ್ಟು 1308 ಸಿಸಿ. ಪ್ರತಿ ಕೋಣೆಯಲ್ಲೂ ಮೂರು ಮೂಲೆಯ ಒಂದೊಂದು ರೋಟರ್ ಸುತ್ತುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ರಿಂಗು ಮಾಡುವ ಕೆಲಸವನ್ನು ಇಲ್ಲಿ ಮೂಲೆಗೊಂದರಂತೆ ಇರುವ ಏಪೆಕ್ಸ್ ಸೀಲ್ ಎಂಬ ತೆಳ್ಳನೆಯ ಲೋಹದ ಪಟ್ಟಿ ಮಾಡುತ್ತದೆ. ಟರ್ಬೊ ಒತ್ತಡ ಹೆಚ್ಚಾಗಿಯೋ ಪೆಟ್ರೋಲ್ ಸಾಲದೆಯೋ ಒಳಗೆ ನಾಕಿಂಗ್ ಆಯಿತೆಂದರೆ ಈ ಪಟ್ಟಿ ಮುರಿಯುತ್ತದೆ. ಮುರಿದ ಚೂರು ಹೊರಹೋಗುವ ದಾರಿಯಲ್ಲಿ ಟರ್ಬೊವನ್ನೂ ಹಾಳು ಮಾಡಬಹುದು. ಎರಡನೇ ಶತ್ರು ಬಿಸಿ. ಕಬ್ಬಿಣದ ಪ್ಲೇಟು, ಅಲ್ಯೂಮಿನಿಯಂ ಹೌಸಿಂಗ್, ಮತ್ತೆ ಕಬ್ಬಿಣದ ಪ್ಲೇಟು, ಹೀಗೆ ಒಂದರ ಪಕ್ಕ ಒಂದು ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದ ಎಂಜಿನ್ ಇದು. ಒಮ್ಮೆ ಜೋರಾಗಿ ಓವರ್‌ಹೀಟ್ ಆದರೆ ನಡುವಿನ ರಬ್ಬರ್ ಸೀಲುಗಳು ಸೋತು ಕೂಲಂಟ್ ಒಳಗೆ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಮೂಲ ಟೆಂಪರೇಚರ್ ಮೀಟರೋ, ಬಹಳ ದೂರದವರೆಗೆ ಮುಳ್ಳನ್ನು ನಡುವಿನಲ್ಲೇ ಹಿಡಿದಿರುತ್ತದೆ. ಅದು ಮೇಲೇರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಇದರ ಮೇಲೆ ಟರ್ಬೊ ವ್ಯವಸ್ಥೆ. ಎರಡು ಟರ್ಬೊ ಮೊದಲಿನಿಂದಲೇ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಕಡಿಮೆ ವೇಗದಲ್ಲಿ ಒಂದು, ಸುಮಾರು 4500 ಆರ್‌ಪಿಎಂ ಬಳಿಕ ಇನ್ನೊಂದೂ ಸೇರಿಕೊಳ್ಳುತ್ತದೆ. ಈ ಬದಲಾವಣೆಯನ್ನು ನಡೆಸಲು ಸೊಲೆನಾಯ್ಡ್‌ಗಳ ಹಿಂಡು, ಅವಕ್ಕೆ ವ್ಯಾಕ್ಯೂಮ್ ಪೈಪುಗಳ ಸಿಕ್ಕು. ಬಿಸಿಗೆ ಬೆಂದು ಗಟ್ಟಿಯಾದ ಒಂದು ಪೈಪು ಬಿರುಕು ಬಿಟ್ಟರೂ ಪಿಕಪ್ ಮಾಯ. ಸರಿಯಾಗಿದ್ದಾಗ ಇದಕ್ಕಿಂತ ಸೊಗಸಾಗಿ ಓಡುವ ಎಂಜಿನ್ ಕಡಿಮೆ, ಅದನ್ನು ಒಪ್ಪಲೇಬೇಕು. ಮಜ್ದಾ 1991ರಲ್ಲಿ ಲೆ ಮಾನ್ಸ್ 24 ಗಂಟೆಯ ರೇಸ್ ಗೆದ್ದದ್ದೂ ನಾಲ್ಕು ರೋಟರಿನ ಎಂಜಿನ್ನಿನಲ್ಲೇ. ಹಾಗಾಗಿ ಎಫ್‌ಡಿಯಿಂದ ರೋಟರಿ ಕಿತ್ತರೆ ಮಹಾಪರಾಧ ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎರಡನೇ ಸಲ ಎಂಜಿನ್ ಬಿಚ್ಚಿಸಿ ಹಣ ಕಟ್ಟಿದವರಿಗೆ ಆ ಸಿಟ್ಟಿಗಿಂತ ಬಿಲ್ಲೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಒಳಬರುವ ಎಂಜಿನ್. ಎಲ್‌ಎಸ್1 ಮೊದಲು ಕಾಣಿಸಿಕೊಂಡದ್ದು 1997ರ ಶೆವ್ರೊಲೆ ಕಾರ್ವೆಟ್‌ನಲ್ಲಿ. ಮರುವರ್ಷ ಅದೇ ಕಂಪನಿಯ ಕಮಾರೊಗೂ ಬಂತು. ಲೀಟರ್ ಲೆಕ್ಕದಲ್ಲಿ ನಾಲ್ಕು ಪಟ್ಟು ದೊಡ್ಡದಾದ ಇದು ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಯುವುದರ ಗುಟ್ಟು ಕ್ಯಾಮ್‌ಶಾಫ್ಟ್‌ನಲ್ಲಿದೆ. ಹಲವು ಆಧುನಿಕ ವಿ8ಗಳಲ್ಲಿ ಪ್ರತಿ ಹೆಡ್ಡಿನ ಮೇಲೆ ಎರಡೆರಡು ಕ್ಯಾಮ್‌ಶಾಫ್ಟ್ ಕೂತು ಎಂಜಿನ್ನನ್ನು ಅಗಲವಾಗಿಯೂ ಎತ್ತರವಾಗಿಯೂ ಮಾಡುತ್ತವೆ. ಎಲ್‌ಎಸ್‌ನಲ್ಲಿ ಒಂದೇ ಕ್ಯಾಮ್‌ಶಾಫ್ಟ್, ಅದೂ ಬ್ಲಾಕಿನ ಒಳಗೆ. ಅಲ್ಲಿಂದ ಉದ್ದನೆಯ ಪುಶ್‌ರಾಡುಗಳು ವಾಲ್ವುಗಳನ್ನು ತೆರೆಯುತ್ತವೆ. ಹಳೇ ಕಾಲದ ತಂತ್ರ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹೆಡ್ಡು ಸಣ್ಣದಾಗಿ ಎಂಜಿನ್ ಗಿಡ್ಡವಾದದ್ದು ಅದರಿಂದಲೇ. ಬ್ಲಾಕು ಅಲ್ಯೂಮಿನಿಯಂ. ರೋಟರಿಯ ಕಬ್ಬಿಣದ ಪ್ಲೇಟು, ಎರಡು ಟರ್ಬೊ, ಇಂಟರ್‌ಕೂಲರ್, ಅದರ ದಪ್ಪ ಪೈಪುಗಳು ಇವೆಲ್ಲವನ್ನೂ ತಕ್ಕಡಿಯ ಇನ್ನೊಂದು ಬದಿಗೆ ಹಾಕಿದರೆ ತೂಕದ ವ್ಯತ್ಯಾಸ ಜನ ಊಹಿಸುವಷ್ಟು ಇರುವುದಿಲ್ಲ. ಒಂದು ಎಚ್ಚರ: ಇದೇ ವಂಶದ ಪಿಕಪ್ ಟ್ರಕ್ ಎಂಜಿನ್‌ಗಳು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳಲ್ಲಿ ಹಲವಕ್ಕೆ ಬ್ಲಾಕು ಕಬ್ಬಿಣದ್ದು, ಮೇಲಿನ ಇಂಟೇಕ್ ಎತ್ತರದ್ದು, ಕೆಳಗಿನ ಆಯಿಲ್ ಚೇಂಬರ್ ಆಳದ್ದು. ಬಾನೆಟ್ಟಿಗೂ ತಾಗುತ್ತದೆ, ರಸ್ತೆಯ ಉಬ್ಬಿಗೂ ತಾಗುತ್ತದೆ. ಎಫ್‌ಡಿಗೆ ಹೊಂದುವುದು ಕಮಾರೊದ ತಗ್ಗು ಚೇಂಬರ್.

ಎಂಜಿನ್ ಕೂರಿಸುವುದು ಕೊನೆಗೂ ಕ್ರೇನು, ಅಳತೆ, ತಾಳ್ಮೆಗಳ ಕೆಲಸ. ಮುಂದಿನ ಮೂಲ ಕ್ರಾಸ್‌ಮೆಂಬರ್ ತೆಗೆದು, ವಿ8ರ ಫೌಂಡೇಶನ್‌ಗೆ ತಕ್ಕಂತೆ ಮಾಡಿದ ಹೊಸದನ್ನು ಬೋಲ್ಟ್ ಮಾಡುತ್ತಾರೆ. ಸ್ಟೀರಿಂಗ್ ಶಾಫ್ಟು ಯಾವ ಬದಿಯಲ್ಲಿದೆಯೋ ಆ ಬದಿಯ ಎಗ್ಸಾಸ್ಟ್ ಪೈಪಿಗೆ ಜಾಗ ಬಿಡಿಸುವುದೇ ತಲೆನೋವು. ಅಮೆರಿಕದ ಎಡಗೈ ಕಾರಿಗೆ ಮಾಡಿದ ಕಿಟ್ ತಂದು ಜಪಾನಿನ ಬಲಗೈ ಕಾರಿಗೆ ಹಾಕಹೊರಟವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ನಿಜವಾದ ಪ್ರಶ್ನೆ ಎಂಜಿನ್ನಿನ ಹಿಂದೆ ಶುರುವಾಗುತ್ತದೆ. ಎಫ್‌ಡಿಯಲ್ಲಿ ಗೇರ್‌ಬಾಕ್ಸಿನ ಹಿಂತುದಿಯಿಂದ ಡಿಫರೆನ್ಷಿಯಲ್‌ವರೆಗೆ ಪ್ರೊಪೆಲ್ಲರ್ ಶಾಫ್ಟಿನ ಪಕ್ಕದಲ್ಲೇ ಒಂದು ಉದ್ದನೆಯ ಗಟ್ಟಿ ಚೌಕಟ್ಟು ಹಾದುಹೋಗುತ್ತದೆ. ಪವರ್ ಪ್ಲಾಂಟ್ ಫ್ರೇಮ್ ಎಂದು ಅದರ ಹೆಸರು. ಮಜ್ದಾದವರು ಇದೇ ಉಪಾಯವನ್ನು ತಮ್ಮ ಮಿಯಾಟ ಕಾರಿನಲ್ಲೂ ಬಳಸಿದ್ದಾರೆ. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಮೂತಿ ಮೇಲೆತ್ತಿ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ಹಿಡಿದಿಟ್ಟಿರುವುದು ಈ ಫ್ರೇಮ್. ಜೊತೆಗೆ ಗೇರ್‌ಬಾಕ್ಸಿನ ಹಿಂಭಾಗಕ್ಕೂ ಇದೇ ಆಸರೆ. ಎಲ್‌ಎಸ್1 ಜೊತೆ ಬರುವ ಟಿ56 ಆರು ಗೇರಿನ ಬಾಕ್ಸಿಗೆ ಈ ಫ್ರೇಮ್ ಕೂಡುವುದಿಲ್ಲ. ಫ್ರೇಮ್ ತೆಗೆದ ಕ್ಷಣ ಎರಡು ಆಸರೆ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಗೇರ್‌ಬಾಕ್ಸಿನ ಅಡಿಗೊಂದು ಹೊಸ ಕ್ರಾಸ್‌ಮೆಂಬರ್, ಡಿಫರೆನ್ಷಿಯಲ್ ಮೂತಿಗೊಂದು ಗಟ್ಟಿ ಬ್ರೇಸ್ ಎರಡೂ ಬೇಕು. ಇಲ್ಲಿ ಕೈ ಬಿಗಿ ಹಿಡಿದವರ ಕಾರು ಮೊದಲ ಗೇರಿನಲ್ಲೇ ಹಿಂದಿನಿಂದ ‘ಧಡ್’ ಎನ್ನುತ್ತದೆ.

ಆ ಬ್ರೇಸಿನ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕಿ ನೋಡಬಹುದು. ಅಮೆರಿಕದ ಎಫ್‌ಡಿಯ ಟಾರ್ಕ್ ಸುಮಾರು 294 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.483. ಎರಡನ್ನೂ ಗುಣಿಸಿದರೆ ಡಿಫರೆನ್ಷಿಯಲ್‌ಗೆ ಬಂದು ತಾಗುವುದು 1024. ಕಮಾರೊದ ಎಲ್‌ಎಸ್1 ಕೊಡುವುದು ಸುಮಾರು 454, ಟಿ56ರ ಮೊದಲ ಗೇರು 2.66. ಗುಣಿಸಿದರೆ 1208. ಎಂಜಿನ್ ಟಾರ್ಕ್ ಶೇಕಡಾ 54ರಷ್ಟು ಹೆಚ್ಚಿದರೂ ಮೊದಲ ಗೇರಿನಲ್ಲಿ ಡಿಫರೆನ್ಷಿಯಲ್ ಹೊರುವುದು ಶೇಕಡಾ 18 ಹೆಚ್ಚು ಮಾತ್ರ. ನಡುವೆ ಗೇರ್ ಅನುಪಾತ ಕಾಪಾಡಿತು. ಅದಕ್ಕೇ ಮೆಲ್ಲಗೆ ಓಡಿಸುವವರು ಮಜ್ದಾದ 4.10 ಡಿಫರೆನ್ಷಿಯಲ್ಲನ್ನೇ ಉಳಿಸಿಕೊಳ್ಳುತ್ತಾರೆ. ಅಗಲ ಟೈರು ಹಾಕಿ ಡ್ರ್ಯಾಗ್ ರೇಸಿಗೆ ಇಳಿಯುವವರು ಫೋರ್ಡ್‌ನ 8.8 ಇಂಚಿನದನ್ನು ತಂದು ಕೂರಿಸುತ್ತಾರೆ. ಅಲ್ಲಿಗೆ ಒಂದೇ ಕಾರಿನಲ್ಲಿ ಮೂರು ಕಂಪನಿ ಕೂಡಿದಂತಾಯಿತು.

ಅದೇ ಲೆಕ್ಕವನ್ನು ಹೆದ್ದಾರಿಗೆ ಒಯ್ಯೋಣ. ಮೂಲ 225/50 ಅಳತೆಯ 16 ಇಂಚಿನ ಟೈರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಎಫ್‌ಡಿಯ ಐದನೇ ಗೇರಿನಲ್ಲಿ ರೋಟರಿ ಸುಮಾರು 2500 ಆರ್‌ಪಿಎಂ ತಿರುಗುತ್ತದೆ. ಟಿ56ರ ಆರನೇ ಗೇರಿನ ಅನುಪಾತ 0.50; ವಿ8 ಸುಮಾರು 1700ರಲ್ಲೇ ಸಾಗುತ್ತದೆ. ಪೆಟ್ರೋಲ್ ಕುಡಿಯುವುದರಲ್ಲಿ ಹೆಸರಾದ ರೋಟರಿಗಿಂತ ದೊಡ್ಡ ವಿ8 ಹೆದ್ದಾರಿಯಲ್ಲಿ ಒಳ್ಳೆಯ ಮೈಲೇಜ್ ಕೊಡಬಲ್ಲದು ಎಂದರೆ ನಂಬದವರಿಗೆ ಈ ಎರಡು ಅಂಕಿ ತೋರಿಸಬಹುದು.

ಟರ್ಬೊ ಕಾರಿನಿಂದ ಟರ್ಬೊ ತೆಗೆದ ಮೇಲೆ ಪೆಟ್ರೋಲ್ ಲೈನೂ ಬದಲಾಗಬೇಕು. ಮೂಲ ವ್ಯವಸ್ಥೆಯಲ್ಲಿ ಟರ್ಬೊ ಒತ್ತಡ ಏರಿದಂತೆ ಪೆಟ್ರೋಲ್ ಒತ್ತಡವೂ ಏರುತ್ತದೆ. ಎಲ್‌ಎಸ್1ಗೆ ಬೇಕಾದದ್ದು ಸದಾ ಒಂದೇ ಸಮ, 58 ಪಿಎಸ್‌ಐ. ಕಾರ್ವೆಟ್‌ನ ಫಿಲ್ಟರಿನೊಳಗೇ 58ಕ್ಕೆ ಕಟ್ಟಿದ ರೆಗ್ಯುಲೇಟರ್ ಇರುವುದರಿಂದ ಆ ಒಂದು ಫಿಲ್ಟರ್ ಹಾಕಿ ಮುಗಿಸುವುದು ವಾಡಿಕೆ. ಇಡೀ ಕೆಲಸದಲ್ಲಿ ಅಗ್ಗಕ್ಕೆ ಸಿಗುವ ಸುಖ ಇದೊಂದೇ.

ಕೂಲಿಂಗ್ ಅಷ್ಟು ಉದಾರಿಯಲ್ಲ. ಎಲ್‌ಎಸ್ ಎಂಜಿನ್ನಿನ ಹೆಡ್ಡುಗಳ ತುದಿಯಲ್ಲಿ ಹಬೆ ಹೊರಹೋಗಲು ಸಣ್ಣ ರಂಧ್ರಗಳಿವೆ. ಅಲ್ಲಿಂದ ತೆಳ್ಳನೆಯ ಪೈಪು ರೇಡಿಯೇಟರಿನ ಮೇಲ್ತುದಿಗೋ ಎತ್ತರದಲ್ಲಿಟ್ಟ ಟ್ಯಾಂಕಿಗೋ ಹೋಗಬೇಕು. ಎಫ್‌ಡಿಯ ಮೂತಿ ತಗ್ಗು. ರೇಡಿಯೇಟರ್ ಎಂಜಿನ್ನಿಗಿಂತ ಕೆಳಗೆ, ಓರೆಯಾಗಿ ಮಲಗಿರುತ್ತದೆ. ಹಬೆ ಪೈಪನ್ನು ಮುಚ್ಚಿಬಿಟ್ಟರೆ ಪಂಪ್‌ಸೆಟ್ ಏರ್ ಹಿಡಿದ ಹಾಗೆಯೇ: ಮೋಟಾರು ತಿರುಗುತ್ತಿರುತ್ತದೆ, ನೀರು ಮಾತ್ರ ಬರುವುದಿಲ್ಲ. ಕೂಲಂಟ್ ತುಂಬಿದೆ, ಫ್ಯಾನ್ ತಿರುಗುತ್ತಿದೆ, ಆದರೂ ಹಿಂದಿನ ಸಿಲಿಂಡರ್‌ಗಳ ಹೆಡ್ಡು ಕಾಯುತ್ತಲೇ ಇರುತ್ತದೆ. ಮೂತಿಯನ್ನು ಜಾಕಿಯಲ್ಲಿ ಎತ್ತಿ, ನಿಧಾನವಾಗಿ ಕೂಲಂಟ್ ತುಂಬಿ ಗಾಳಿ ಬಿಡಿಸುವುದನ್ನು ಆತುರದಲ್ಲಿ ಮಾಡಬಾರದು.

ಈಗ ವೈರಿಂಗ್. ಎಂಜಿನ್ ಕೊಳ್ಳುವಾಗ ಅದರ ಕಂಪ್ಯೂಟರ್, ವೈರಿಂಗ್ ಹಾರ್ನೆಸ್, ಆಕ್ಸಿಲರೇಟರ್ ಭಾಗ ಎಲ್ಲವೂ ಒಂದೇ ಕಾರಿನಿಂದ ಬಂದವೇ ಎಂದು ನೋಡುವುದು ಅರ್ಧ ಕೆಲಸ ಉಳಿಸುತ್ತದೆ. ಕ್ರ್ಯಾಂಕ್‌ಶಾಫ್ಟಿನ ಮೇಲೆ ಸೆನ್ಸರ್ ಎಣಿಸುವ ಹಲ್ಲಿನ ಚಕ್ರವೊಂದಿದೆ. ಎಲ್‌ಎಸ್1ರಂಥ ಹಳೆಯವುಗಳಲ್ಲಿ ಅದು 24ರ ಲೆಕ್ಕದ್ದು, ನಂತರದವುಗಳಲ್ಲಿ 58ರದ್ದು. 24ರ ಭಾಷೆ ಕಲಿತ ಕಂಪ್ಯೂಟರಿಗೆ 58ರ ಎಂಜಿನ್ ಜೋಡಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಕಿಡಿ ಬರುವುದಿಲ್ಲ. ಇನ್ನೊಂದು ಮೋಸ ಕಳ್ಳತನ ತಡೆಯುವ ವ್ಯವಸ್ಥೆಯದು. ಜನರಲ್ ಮೋಟಾರ್ಸ್ ಕಂಪ್ಯೂಟರ್ ತನ್ನ ಕಾರಿನ ಕೀಲಿಯ ಸಂಕೇತಕ್ಕೆ ಕಾಯುತ್ತದೆ. ಮಜ್ದಾದ ಕೀಲಿಗೆ ಅದು ಗೊತ್ತಿಲ್ಲ. ಎಂಜಿನ್ ಒಮ್ಮೆ ಹೊತ್ತಿಕೊಂಡು ತಕ್ಷಣ ಆರಿಹೋಗುತ್ತದೆ. ಹೊಸಬರು ಪೆಟ್ರೋಲ್ ಪಂಪನ್ನು ಬಿಚ್ಚಿ ನೋಡುತ್ತಾರೆ. ಅನುಭವಸ್ಥರು ಲ್ಯಾಪ್‌ಟಾಪ್ ಜೋಡಿಸಿ ಆ ಕಾವಲನ್ನು ಪ್ರೋಗ್ರಾಮಿನಲ್ಲೇ ಅಳಿಸುತ್ತಾರೆ.

ಮೀಟರುಗಳನ್ನೂ ಒಪ್ಪಿಸಬೇಕು. ಎರಡು ರೋಟರಿನ ಎಂಜಿನ್ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ವಿ8 ನಾಲ್ಕು ಸಲ. ಆರ್‌ಪಿಎಂ ಮೀಟರಿಗೆ ಆ ನಾಲ್ಕನ್ನೇ ನೇರವಾಗಿ ಕೊಟ್ಟರೆ 3000ವನ್ನು 6000 ಎಂದು ತೋರಿಸುತ್ತದೆ. ಸಿಗ್ನಲ್ ಅರ್ಧಕ್ಕೆ ಇಳಿಸಿದರೆ ಮೂಲ ಮೀಟರೇ ನಿಜ ಹೇಳುತ್ತದೆ.

ಕೆಲಸ ಮುಗಿದ ಮೇಲೆ ಕಾನೂನು ನೋಡುವವರು ಇದ್ದಾರೆ. ಮೊದಲೇ ನೋಡುವುದು ಜಾಣತನ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ಕಂಪನಿಯ ಎಂಜಿನ್ ಹಾಕುವುದಕ್ಕೆ ತಡೆಯಿಲ್ಲ, ಆದರೆ ಎಂಜಿನ್ ಕಾರಿನಷ್ಟೇ ಹೊಸದೋ ಅದಕ್ಕಿಂತ ಹೊಸದೋ ಆಗಿರಬೇಕು, ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಹೊಗೆ ನಿಯಂತ್ರಣದ ಎಲ್ಲ ಭಾಗಗಳೂ ಜೊತೆಗೆ ಬರಬೇಕು, ರೆಫ್ರಿ ಎನ್ನುವ ಅಧಿಕೃತ ಪರೀಕ್ಷಕರು ನೋಡಿ ಒಪ್ಪಬೇಕು. 1993ರ ಎಫ್‌ಡಿಗೆ 1998ರ ಎಲ್‌ಎಸ್1 ಈ ಲೆಕ್ಕದಲ್ಲಿ ಪಾಸು.

ನಮ್ಮಲ್ಲಿ ಕಥೆ ಬೇರೆ. ಪೆಟ್ರೋಲ್ ಜೀಪಿಗೆ, ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಇಳಿಸಿದ ಮೇಸ್ತ್ರಿಗಳು ಕರ್ನಾಟಕದ ಹಳೇ ಗ್ಯಾರೇಜುಗಳಲ್ಲಿ ಇನ್ನೂ ಸಿಕ್ಕಾರು. ಅಂಥ ಕೆಲಸಕ್ಕೆ ಈಗ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಂತಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಅಥವಾ ಎರಡೂ ಎಂದಾಯಿತು. ಸೀಜ್ ಆದ ಎಂಜಿನ್ ತೆಗೆದು ಅದೇ ಕಂಪನಿಯ ಅದೇ ಬಗೆಯದನ್ನು ಹಾಕಿದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕು. ಮಜ್ದಾಕ್ಕೆ ಶೆವ್ರೊಲೆ ಎಂಬ ಮಾತೇ ಇಲ್ಲ. ಆದರೆ ಅದೇ 52ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ಅನುಮೋದಿತ ಕಿಟ್ ಮೂಲಕ ಕಾರನ್ನು ಸಿಎನ್‌ಜಿಗೋ ಬ್ಯಾಟರಿಗೋ ಬದಲಾಯಿಸಬಹುದು. ಹಾಗಾಗಿ ವಿ8 ಹಾಕಿಸಲು ಬಿಡದ ಆರ್‌ಟಿಒ ಕಚೇರಿಯಲ್ಲೇ, ಪೆಟ್ರೋಲ್ ಎಂಜಿನ್ ಪೂರ್ತಿ ಕಿತ್ತು ಯಾವುದೋ ಬೇರೆ ಕಂಪನಿಯ ಎಲೆಕ್ಟ್ರಿಕ್ ಮೋಟಾರು ಕೂರಿಸಿದ ಕಾರಿಗೆ ಆರ್‌ಸಿ ಸಿಗಬಹುದು.